ಹಾರ್ಟ್ ಮಾನಿಟರ್ ರಿಪೋರ್ಟ್ ಬಂತು, ಸ್ಪೆಷಲಿಸ್ಟ್ ಇನ್ನೂ ಸಿಕ್ಕಿಲ್ಲ: ಹೊಸಬರಿಗೆ ಮಾರ್ಗದರ್ಶಿ

ಹಾರ್ಟ್ ಮಾನಿಟರ್ ಅಂದರೆ ಎದೆಗೆ ಪಟ್ಟಿ ಅಂಟಿಸಿ ಬಡಿತವನ್ನು ಬಿಡದೆ ದಾಖಲಿಸುವ ಸಣ್ಣ ಯಂತ್ರ. ಈ ದೇಶಕ್ಕೆ ಹೊಸದಾಗಿ ಬಂದವರು ನಮ್ಮ ಕನ್ನಡ ಕೂಟಕ್ಕೆ ಫೋನ್ ಮಾಡಿ ಕೇಳುವ ಮಾತು ಇದು: "ಮಾನಿಟರ್ ರಿಪೋರ್ಟ್ ಮೊಬೈಲಿಗೆ ಬಂದಿದೆ, ಏನೇನೋ ಬರೆದಿದೆ, ಸ್ಪೆಷಲಿಸ್ಟ್ ನೋಡೋದು ಇನ್ನೂ ಎಷ್ಟೋ ವಾರ ಆದ್ಮೇಲೆ, ಅಲ್ಲೀತನಕ ಏನು ಮಾಡೋದು?" ರಿಪೋರ್ಟ್ ಕೈಗೆ ಸಿಕ್ಕ ಸಂಜೆಯೇ ಡಾಕ್ಟರ ಮುಂದೆ ಕೂತು ಕೇಳಿ ರೂಢಿ ಇದ್ದವರಿಗೆ ಈ ಕಾಯುವುದು ನಿಜಕ್ಕೂ ಕಷ್ಟ. ನಮ್ಮ ಯಜಮಾನರ ರಿಪೋರ್ಟಿನಲ್ಲಿ "ವೆಂಟ್ರಿಕ್ಯುಲರ್ ಟಾಕಿಕಾರ್ಡಿಯಾ, 4 ಬಡಿತ" ಅಂತ ಒಂದು ಸಾಲು ಇತ್ತು. ರಾತ್ರಿ 11 ಗಂಟೆಗೆ ಓದಿದೆ. ಬೆಳಗಾಗುವವರೆಗೂ ಪಕ್ಕದಲ್ಲಿ ಕೂತು ಅವರ ಉಸಿರು ಎಣಿಸಿದೆ. ನಿಮಗೆ ಆ ರಾತ್ರಿ ಬರಬಾರದು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಇವು ಅಪಾಯಿಂಟ್‌ಮೆಂಟಿಗೆ ಕಾಯುವುದಿಲ್ಲ

ಎಚ್ಚರ ತಪ್ಪಿ ಬಿದ್ದರೆ, ಅದರಲ್ಲೂ ಓಡುವಾಗ ಮೆಟ್ಟಿಲು ಹತ್ತುವಾಗ ಬಿದ್ದರೆ. ಎದೆ ಹಿಂಡಿದಂತೆ ನೋವು ಬಂದು ನಿಲ್ಲದಿದ್ದರೆ. ಕೂತಲ್ಲೇ ಏದುಸಿರು ಬಂದರೆ. ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ, ಒಂದು ಕಡೆ ಕೈಕಾಲು ಸೋತರೆ. ಸುಮ್ಮನೆ ಕೂತಿದ್ದರೂ ಎದೆಬಡಿತ ಓಡುತ್ತಲೇ ಇದ್ದು ತಲೆ ಸುತ್ತಿದರೆ. ಇವುಗಳಲ್ಲಿ ಯಾವುದೇ ಒಂದು ಆದರೂ ಆ್ಯಂಬುಲೆನ್ಸ್ ಕರೆಯಿರಿ. ನೀವೇ ಗಾಡಿ ಓಡಿಸಿಕೊಂಡು ಹೋಗಬೇಡಿ. "ಗ್ಯಾಸ್ ಇರಬೇಕು, ಬೆಳಿಗ್ಗೆ ನೋಡೋಣ" ಅನ್ನುವ ಮಾತು ನಮ್ಮ ಮನೆಗಳಲ್ಲಿ ತುಂಬಾ ಸುಲಭವಾಗಿ ಬರುತ್ತದೆ. ದಯವಿಟ್ಟು ಬಿಡಿ. ಗ್ಯಾಸೋ ಅಲ್ಲವೋ ಅಂತ ಅವರು ನೋಡಿ ಹೇಳಲಿ.

ಅಂಕಿಗಳನ್ನು ಓದುವುದು

ನಿಮಿಷಕ್ಕೆ 70 ಬಡಿತ ಅಂದರೆ ದಿನಕ್ಕೆ 1 ಲಕ್ಷಕ್ಕೂ ಸ್ವಲ್ಪ ಜಾಸ್ತಿ. ಇದೊಂದನ್ನು ನೆನಪಿಟ್ಟುಕೊಳ್ಳಿ. "ಪಿವಿಸಿ 300" (ಅಂದರೆ ಹೊತ್ತಿಗೆ ಮುಂಚೆ ಬಂದ ಬಡಿತ 300) ಅಂತ ಕಂಡರೆ ಎದೆ ಧಸಕ್ ಅನ್ನುತ್ತದೆ, ಆದರೆ ಲಕ್ಷದಲ್ಲಿ 300 ಅಂದರೆ ನೂರಕ್ಕೆ ಒಂದರ ಮೂರನೇ ಒಂದು ಪಾಲೂ ಇಲ್ಲ. ರಿಪೋರ್ಟಿನಲ್ಲಿ "ಬರ್ಡನ್" ಅಂತ ಶೇಕಡಾ ಲೆಕ್ಕ ಇರುತ್ತದೆ, ಅದನ್ನು ನೋಡಿ. ಶೇ. 1ಕ್ಕಿಂತ ಕಡಿಮೆ ಅಂದರೆ ಅಪರೂಪಕ್ಕೆ ಬರುವುದು ಅಂತ ಲೆಕ್ಕ. ಶೇ. 10 ದಾಟಿದರೆ ಡಾಕ್ಟರು ಎಕೋ (ಹೃದಯದ ಸ್ಕ್ಯಾನಿಂಗ್) ಮಾಡಿಸಿ ಹೃದಯದ ಪಂಪಿಂಗ್ ನೋಡುತ್ತಾರೆ, ಯಾಕೆಂದರೆ ತುಂಬಾ ದಿನ ಹಾಗೇ ನಡೆದರೆ ಕೆಲವರಲ್ಲಿ ಹೃದಯದ ಸ್ನಾಯು ಸೋಲಬಹುದು.

ಕನಿಷ್ಠ ಬಡಿತ 44 ಅಂತ ಇದ್ದರೆ ಮೊದಲು ಪಕ್ಕದ ಸಮಯ ನೋಡಿ. ಬೆಳಗಿನ ಜಾವ 3 ಗಂಟೆಯಾ? ನಿದ್ದೆಯಲ್ಲಿ 40ರ ಆಸುಪಾಸಿಗೆ ಇಳಿಯುವುದು ಎಷ್ಟೋ ಆರೋಗ್ಯವಂತರಲ್ಲೂ ಉಂಟು. ಗರಿಷ್ಠ 150 ಇದ್ದರೆ ಆ ಹೊತ್ತಿಗೆ ನೀವು ಬಸ್ಸಿಗೆ ಓಡುತ್ತಿದ್ದಿರಾ ನೆನಪು ಮಾಡಿಕೊಳ್ಳಿ. "ಸೈನಸ್ ರಿದಮ್" ಅಂದರೆ ರೋಗದ ಹೆಸರಲ್ಲ, ಬಡಿತ ಹುಟ್ಟಬೇಕಾದ ಜಾಗದಲ್ಲೇ ಹುಟ್ಟುತ್ತಿದೆ ಅಂತ ಅರ್ಥ. ಮೂಗಿನ ಸೈನಸ್ಸಿಗೂ ಇದಕ್ಕೂ ಸಂಬಂಧವಿಲ್ಲ. ಇದನ್ನು ಕೇಳಿದವರು ಬಹಳ ಜನ!

ಹೆದರಿಸುವ ಪದಗಳು

ಪಿಎಸಿ, ಪಿವಿಸಿ: ಹೊತ್ತಿಗೆ ಮುಂಚೆ ಬಂದ ಬಡಿತ. ಹೃದಯದ ಮೇಲಿನ ಕೋಣೆಯಿಂದ ಬಂದರೆ ಪಿಎಸಿ, ಕೆಳಗಿನದರಿಂದ ಬಂದರೆ ಪಿವಿಸಿ.

ವಿಟಿ ಅಥವಾ ವೆಂಟ್ರಿಕ್ಯುಲರ್ ಟಾಕಿಕಾರ್ಡಿಯಾ: ಕೆಳಗಿನ ಕೋಣೆಯಿಂದ 3 ಅಥವಾ ಹೆಚ್ಚು ಬಡಿತ ಬೆನ್ನುಬೆನ್ನಿಗೆ ವೇಗವಾಗಿ ಬಂದರೂ ಈ ಹೆಸರೇ ಬರೆಯುತ್ತಾರೆ. ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಸಿಗುವುದು ನಿಲ್ಲದೆ ಓಡುವ ವಿಟಿಯ ಕಥೆ. 4 ಬಡಿತಕ್ಕೆ ತಾನಾಗಿ ನಿಂತದ್ದು ಬೇರೆ. ಹಾಗಂತ ತಳ್ಳಿಹಾಕುವ ಹಾಗೂ ಇಲ್ಲ. ಹೃದಯ ಬೇರೆಲ್ಲ ರೀತಿಯಲ್ಲಿ ಚೆನ್ನಾಗಿದೆಯಾ ಅನ್ನುವುದರ ಮೇಲೆ ಅದರ ತೂಕ. ರಿಪೋರ್ಟ್ ಬಂದ ಮಾರನೇ ದಿನವೇ ಫ್ಯಾಮಿಲಿ ಡಾಕ್ಟರಿಗೆ ಫೋನ್ ಮಾಡಿ, "ಎಕೋ ಈಗಲೇ ಮಾಡಿಸಬಹುದಾ?" ಅಂತ ಕೇಳಿ.

ಏಟ್ರಿಯಲ್ ಫಿಬ್ರಿಲೇಶನ್: ಮೇಲಿನ ಕೋಣೆಗಳು ತಾಳ ತಪ್ಪಿ ಅದುರುವುದು. ಈ ಹೆಸರಿದ್ದರೆ ಸ್ಪೆಷಲಿಸ್ಟ್ ಬರಲಿ ಅಂತ ಕೂರಬೇಡಿ. ಇದರಲ್ಲಿ ಹೃದಯದೊಳಗೆ ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಆಗುವ ಅಪಾಯ ಇದೆ. ರಕ್ತ ತೆಳು ಮಾಡುವ ಮಾತ್ರೆ ಬೇಕಾ ಅಂತ ಫ್ಯಾಮಿಲಿ ಡಾಕ್ಟರೇ ಹೇಳಬಲ್ಲರು. ಅದೇ ವಾರ ಕೇಳಿ.

ಪಾಸ್ (pause), ಎವಿ ಬ್ಲಾಕ್: ಪಾಸ್ ಅಂದರೆ ಬಡಿತದ ನಡುವೆ ಬಿದ್ದ ಬಿಡುವು. ಎವಿ ಬ್ಲಾಕ್ ಅಂದರೆ ಮೇಲಿನ ಕೋಣೆಯ ಸಂಕೇತ ಕೆಳಗಿನ ಕೋಣೆಗೆ ತಡವಾಗಿ ತಲುಪುವುದು, ಅಥವಾ ತಲುಪದಿರುವುದು. ಮೊದಲ ಡಿಗ್ರಿ, ಅಥವಾ ರಾತ್ರಿ ಮಾತ್ರ ಕಂಡ ವೆಂಕೆಬಾಕ್ (ಎರಡನೇ ಡಿಗ್ರಿಯಲ್ಲಿ ಸೌಮ್ಯವಾದದ್ದು) ಸಾಮಾನ್ಯವಾಗಿ ಆತುರದ್ದಲ್ಲ. ಮೋಬಿಟ್ಸ್ 2 (ಎರಡನೇ ಡಿಗ್ರಿಯಲ್ಲಿ ಗಂಭೀರವಾದದ್ದು), ಮೂರನೇ ಡಿಗ್ರಿ, ಎಚ್ಚರವಿದ್ದಾಗಲೇ 3 ಸೆಕೆಂಡಿಗಿಂತ ಜಾಸ್ತಿ ಪಾಸ್, ಇವಕ್ಕೆ ಅವತ್ತೇ ಫೋನ್ ಮಾಡಬೇಕು.

ಆರ್ಟಿಫ್ಯಾಕ್ಟ್: ಪಟ್ಟಿ ಸಡಿಲವಾಗಿ, ಮೈ ಅಲುಗಾಡಿ ಮಾನಿಟರಿನ ಇಸಿಜಿಯಲ್ಲಿ ಮೂಡಿದ ಸುಳ್ಳು ಗೆರೆ. ಹಲ್ಲುಜ್ಜುವ ಕೈಯ ಅಲುಗಾಟವೇ ವಿಟಿಯ ಹಾಗೆ ಕಂಡದ್ದುಂಟು. ಆದ್ದರಿಂದ ರಿಪೋರ್ಟಿನಲ್ಲಿ ಡಾಕ್ಟರು ನೋಡಿ ಸಹಿ ಮಾಡಿದ್ದಾರಾ, ಯಂತ್ರ ಓದಿದ್ದು ಮಾತ್ರವಾ, ಅದನ್ನು ನೋಡಿ.

ಡೈರಿ ಬರೆಯಿರಿ, ಬಟನ್ ಒತ್ತಿರಿ

ಇದು ನಮಗೆ ಪೆಟ್ಟು ಕೊಟ್ಟ ವಿಷಯ, ಸ್ವಲ್ಪ ಉದ್ದ ಬರೆಯುತ್ತೇನೆ. ಮಾನಿಟರ್ ಜೊತೆ ಒಂದು ಸಣ್ಣ ಪುಸ್ತಕ ಕೊಟ್ಟಿದ್ದರು. ಆಫೀಸಿನ ಫಾರಂ ಇರಬೇಕು ಅಂತ ನಾವು ಮುಟ್ಟಲಿಲ್ಲ. ಎದೆಯ ಮೇಲಿನ ಬಟನ್ನನ್ನೂ ಯಜಮಾನರು ಒತ್ತಲಿಲ್ಲ, "ಅಷ್ಟಕ್ಕೆಲ್ಲ ಅವರಿಗೆ ಯಾಕೆ ತೊಂದರೆ" ಅಂದರು. ಒತ್ತಿದರೆ ಯಾರಿಗೂ ತೊಂದರೆ ಇಲ್ಲ, ಆ ಹೊತ್ತಿನ ಗೆರೆಗೆ ಒಂದು ಗುರುತು ಬೀಳುತ್ತದೆ ಅಷ್ಟೇ. ಎಷ್ಟೋ ವಾರ ಕಾದು ಸ್ಪೆಷಲಿಸ್ಟ್ ಮುಂದೆ ಕೂತಾಗ ಅವರು ಕೇಳಿದ ಮೊದಲ ಪ್ರಶ್ನೆ, "ಮಧ್ಯಾಹ್ನ 2.40ಕ್ಕೆ ನಿಮಗೆ ಏನನ್ನಿಸಿತು?" ಉತ್ತರ ನಮ್ಮಲ್ಲಿ ಇರಲಿಲ್ಲ. ಮತ್ತೆ ಮಾನಿಟರ್, ಮತ್ತೆ ಕಾಯುವುದು.

ಎರಡನೇ ಸಲ ಪ್ರತಿಯೊಂದನ್ನೂ ಬರೆದೆವು. ಯಜಮಾನರು "ಬಡಿತ ತಪ್ಪಿತು" ಅಂತ ಬಟನ್ ಒತ್ತಿದ ಕಡೆಯೆಲ್ಲ ಇದ್ದದ್ದು ಒಂಟಿ ಪಿವಿಸಿ. ಮುಂಚೆ ಬಂದ ಬಡಿತ ದುರ್ಬಲ, ಅದು ಗೊತ್ತೇ ಆಗುವುದಿಲ್ಲ, ಆಮೇಲೆ ಸ್ವಲ್ಪ ಬಿಡುವು, ಬಿಡುವಿನ ನಂತರದ ಬಡಿತ ಜೋರು. "ನಿಂತುಹೋಗಿ ದಬ್ ಅಂತ ಹೊಡೀತು" ಅಂತ ಅವರು ಹೇಳುತ್ತಿದ್ದದ್ದು ಅದನ್ನೇ. ಡವಡವ ಅಂದ ಹೊತ್ತಿಗೆ ಗೆರೆ ಸರಿಯಾಗಿಯೇ ಇದ್ದರೆ ಅದೂ ಒಂದು ಉತ್ತರವೇ.

ಈಗ ಮಾನಿಟರ್ ಬಿಚ್ಚಿ ಕೊಟ್ಟಾಗಿದ್ದರೂ ತಡವಾಗಿಲ್ಲ, ಇವತ್ತಿನಿಂದ ಬರೆಯಿರಿ. ದಿನ, ಸಮಯ, ಏನು ಮಾಡುತ್ತಿದ್ದಿರಿ, ಎಷ್ಟು ಹೊತ್ತು ಇತ್ತು, ತಟ್ಟನೆ ಶುರುವಾಯಿತಾ ನಿಧಾನಕ್ಕಾ, ಹಿಂದಿನ ರಾತ್ರಿ ನಿದ್ದೆ ಕೆಟ್ಟಿತ್ತಾ, ಶೀತದ ಮಾತ್ರೆ ತಗೊಂಡಿದ್ದಿರಾ. ಬಡಿತ ಹೇಗಿತ್ತು ಅಂತ ಮಾತಿನಲ್ಲಿ ಹೇಳಲು ಆಗದಿದ್ದರೆ ಡಾಕ್ಟರ ಮೇಜಿನ ಮೇಲೆ ಬೆರಳಿನಿಂದ ತಟ್ಟಿ ತೋರಿಸಿ. ಒಂದೇ ಸಮನೆ ಓಡುವುದಕ್ಕೂ ಎಲ್ಲೆಂದರಲ್ಲಿ ಎಡವುವುದಕ್ಕೂ ಇರುವ ವ್ಯತ್ಯಾಸ ಆ ತಟ್ಟುವಿಕೆಯಲ್ಲೇ ಅವರಿಗೆ ಗೊತ್ತಾಗುತ್ತದೆ.

ಕಾಯುವ ದಿನಗಳಲ್ಲಿ

ಬೀಟಾ ಬ್ಲಾಕರ್ (ಬಡಿತ ನಿಧಾನ ಮಾಡುವ ಮಾತ್ರೆ) ತರಹದ ಮಾತ್ರೆಯನ್ನು ನೀವಾಗಿ ತಟ್ಟನೆ ನಿಲ್ಲಿಸಬೇಡಿ. ಪರಿಚಯದವರ ಮಾತ್ರೆ ನುಂಗಬೇಡಿ. ಥೈರಾಯ್ಡ್, ಹಿಮೋಗ್ಲೋಬಿನ್, ಪೊಟ್ಯಾಸಿಯಂ ಪರೀಕ್ಷೆ ಆಗಿದೆಯಾ ಕೇಳಿ. ಫ್ಯಾಮಿಲಿ ಡಾಕ್ಟರು ಸ್ಪೆಷಲಿಸ್ಟ್‌ಗೆ ಕಳಿಸಿದ ರೆಫರಲ್ ಪತ್ರದಲ್ಲಿ "ಅರ್ಜೆಂಟ್" ಇದೆಯಾ "ರೂಟೀನ್" ಇದೆಯಾ ಅದನ್ನೂ ಕೇಳಿ. ತೊಂದರೆ ಜಾಸ್ತಿ ಆಗಿದ್ದರೆ ಪತ್ರ ಬದಲಿಸಿ ಕಳಿಸಲು ಹೇಳಿ, ಯಾರಾದರೂ ಅಪಾಯಿಂಟ್‌ಮೆಂಟ್ ರದ್ದು ಮಾಡಿದರೆ ನಮ್ಮನ್ನು ಕರೆಯಿರಿ ಅಂತ ಹೆಸರು ಕೊಡಿ. ಕೇಳುವುದು ಜಗಳ ಅಲ್ಲ. ಫೋನಿನಲ್ಲಿ "ಏನಿಲ್ಲ, ಚೆನ್ನಾಗಿದ್ದೀನಿ" ಅಂದುಬಿಟ್ಟರೆ ಅವರು ಅದನ್ನೇ ಬರೆದುಕೊಳ್ಳುತ್ತಾರೆ.

ಸ್ಮಾರ್ಟ್‌ವಾಚ್ ಇಸಿಜಿ ಹಿಡಿದರೆ ಉಳಿಸಿಕೊಳ್ಳಿ, ಉಪಯೋಗಕ್ಕೆ ಬರುತ್ತದೆ. ಆದರೆ ಹಾರ್ಟ್ ಅಟ್ಯಾಕ್ ಅದಕ್ಕೆ ಗೊತ್ತಾಗುವುದಿಲ್ಲ.

ಹೋಗುವ ದಿನ ಕೈಯಲ್ಲಿರಲಿ

- ಪೂರ್ತಿ ರಿಪೋರ್ಟ್, ಗೆರೆಗಳ ಪುಟಗಳ ಸಮೇತ
- ಹಳೆಯ ಇಸಿಜಿ, ಎಕೋ
- ಮಾತ್ರೆಗಳು, ಡಬ್ಬಿ ಸಮೇತ
- ಡೈರಿ
- ಮನೆತನದಲ್ಲಿ ಚಿಕ್ಕ ವಯಸ್ಸಿನಲ್ಲಿ ದಿಢೀರ್ ತೀರಿಕೊಂಡವರಿದ್ದರೆ ಆ ವಿವರ. ಇದನ್ನು ಮುಚ್ಚಿಡಬೇಡಿ

ಜೊತೆಗೊಬ್ಬರು ಬೇಕಾದರೆ ಕೂಟಕ್ಕೆ ಹೇಳಿ, ಇಲ್ಲ ಅಂದವರು ನಮ್ಮಲ್ಲಿ ಇಲ್ಲ. ಪಕ್ಕದಲ್ಲಿ ಕೂತು ಡಾಕ್ಟರು ಹೇಳಿದ್ದನ್ನು ಕನ್ನಡದಲ್ಲಿ ಬರೆದು ಕೊಡುತ್ತೇವೆ. ರಿಪೋರ್ಟ್ ಕಳಿಸಿ "ಇದು ಸರಿಯಾಗಿದೆಯಾ" ಅಂತ ಮಾತ್ರ ಕೇಳಬೇಡಿ, ನಾವು ಡಾಕ್ಟರಲ್ಲ.