ಮೀಟರಿನ ಮಿಣುಕು ಎಣಿಸಿ ಜೌಲ್ ಕಲಿಸಿದ್ದು: ನನ್ನ ಅನುಭವ

ಹತ್ತನೇ ಕ್ಲಾಸಿನ ವಿದ್ಯುಚ್ಛಕ್ತಿ ಪಾಠಕ್ಕೆ ನಾನು ಈಗ ಬೋರ್ಡ್ ಮುಟ್ಟುವುದೇ ಕಡಿಮೆ. ಕರೆಂಟ್ ಮೀಟರಿನಲ್ಲಿ ಮಿಣುಕುವ ಕೆಂಪು ಎಲ್‌ಇಡಿ ಇದೆಯಲ್ಲ, ಅದನ್ನು ಎಣಿಸುವುದೇ ಪಾಠ. ಮೊದಲು ಇದನ್ನು ಹೇಳಿದಾಗ ನಮ್ಮ ತಾಲ್ಲೂಕಿನ ಪಿಸಿಎಂ (ಭೌತ, ರಸಾಯನ, ಗಣಿತ) ಮೇಷ್ಟ್ರುಗಳಲ್ಲಿ ನಕ್ಕವರೇ ಜಾಸ್ತಿ. "ಲೈನ್‌ಮನ್ ಕೆಲಸ ಕಲಿಸ್ತೀರಾ ಸಾರ್?" ಎಂದರು ಒಬ್ಬರು. ಇನ್ನೊಬ್ಬರು ಹಿರಿಯರು, "ಪರೀಕ್ಷೆಗೆ ಬರಲ್ಲ, ಬಿಡಿ" ಎಂದು ಮುಗಿಸಿದರು. ಈಗ ಅವರಲ್ಲೇ ಇಬ್ಬರು ಮೀಟರ್, ಸಾಕೆಟ್ ಜೋಡಿಸಿದ ನನ್ನ ಹಲಗೆ ಎರವಲು ಒಯ್ದಿದ್ದಾರೆ. ಒಬ್ಬರು ಇನ್ನೂ ವಾಪಸ್ ಕೊಟ್ಟಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ, ಓದಿ ನೀವೇ ಮಾಡಿಕೊಳ್ಳಿ.

ಇದಕ್ಕೂ ಮೊದಲು ಏನೇನೋ ಮಾಡಿದ್ದೆ. ನಿಂಬೆಹಣ್ಣಿನ ಬ್ಯಾಟರಿ ನೀವೆಲ್ಲ ಮಾಡಿಯೇ ಇರುತ್ತೀರಿ. ತಾಮ್ರ, ಸತು ಚುಚ್ಚಿದರೆ ಹಣ್ಣಿಗೆ ಒಂದು ವೋಲ್ಟಿನ ಹತ್ತಿರ ಬರುತ್ತದೆ, ಕರೆಂಟಿಗೆ ಮಾತ್ರ ಒಂದು ಮಿಲಿ ಆಂಪಿಯರಿಗೂ ಗತಿಯಿಲ್ಲ. ಮೂರು ಹಣ್ಣು ಸಾಲಾಗಿ ಜೋಡಿಸಿದರೂ ಕೆಂಪು ಎಲ್‌ಇಡಿ ಹೊತ್ತಿದ್ದು ಕಾಣಬೇಕಾದರೆ ಕಿಟಕಿ ಮುಚ್ಚಬೇಕು. ಹಣ್ಣಿನ ದುಡ್ಡು ಹೋಗಲಿ, ಮಕ್ಕಳ ತಲೆಯಲ್ಲಿ ಉಳಿದದ್ದು "ನಿಂಬೆಹಣ್ಣಲ್ಲಿ ಕರೆಂಟ್ ಇರುತ್ತೆ" ಅನ್ನುವುದೊಂದೇ. ಕರಗುವುದು ಸತು, ಶಕ್ತಿ ಬರುವುದು ಅಲ್ಲಿಂದ ಎಂದು ಎಷ್ಟು ಕೂಗಿದರೂ ಕೇಳುವವರಿಲ್ಲ.

ಕರೆಂಟ್ ಏರಿಳಿಸುವ ರಿಯೋಸ್ಟಾಟ್, ಅದನ್ನು ಅಳೆಯುವ ಅಮ್ಮೀಟರ್ ದಾರಿ ಇನ್ನೂ ದುಬಾರಿ. ಗುಂಪಿಗೆ ಎರಡೆರಡು ಶೆಲ್ ಕೊಟ್ಟರೆ ಯಾರಾದರೊಬ್ಬ ಶಾರ್ಟ್ ಮಾಡಿ ಬಿಸಿಯಾಗುತ್ತದಾ ಎಂದು ನೋಡುತ್ತಾ ಕೂತಿರುತ್ತಾನೆ. ಶೆಲ್ಲಿಗೇ ವರ್ಷಕ್ಕೆ ಸಾವಿರದ ಮೇಲೆ ಹೋಗುತ್ತಿತ್ತು, ಅದೂ ಜೇಬಿನಿಂದ. ಓಮನ ನಿಯಮದ ಗ್ರಾಫ್ ಮಾತ್ರ ಎಲ್ಲರದ್ದೂ ನೆಟ್ಟಗೆ ಬರುತ್ತಿತ್ತು. ಮಕ್ಕಳು ಮೊದಲು ಗೆರೆ ಎಳೆದು ಆಮೇಲೆ ಚುಕ್ಕೆ ಇಡುತ್ತಿದ್ದರು.

ಮೀಟರಿನ ಲೆಕ್ಕ ನಿಮಗೆ ಗೊತ್ತೇ ಇದೆ. ಅದರ ಮುಖದ ಮೇಲೆ ಯೂನಿಟ್ಟಿಗೆ 3200 ಇಂಪಲ್ಸ್, ಅಂದರೆ 3200 ಮಿಣುಕು, ಎಂದು ಬರೆದಿರುತ್ತದೆ. ಯೂನಿಟ್ ಅಂದರೆ ಸಾವಿರ ವ್ಯಾಟ್ ಒಂದು ಗಂಟೆ ಉರಿದ ಶಕ್ತಿ, ಶಕ್ತಿಯ ಅಳತೆಯಾದ ಜೌಲಿನಲ್ಲಿ 36 ಲಕ್ಷ. ಭಾಗಿಸಿದರೆ ಮಿಣುಕಿಗೆ 1125 ಜೌಲ್. ಅಷ್ಟೇ ನನ್ನ ಬಂಡವಾಳ. ಐವತ್ತು ಕೆಜಿ ಅಕ್ಕಿ ಮೂಟೆಯನ್ನು ನೆಲದಿಂದ ಎರಡೂಕಾಲು ಮೀಟರಿಗಿಂತ ಚೂರು ಮೇಲೆ ಎತ್ತಿದರೂ ಅಷ್ಟೇ ಕೆಲಸ. ಬಿಸಿಯೂಟದ ಮೂಟೆಯನ್ನು ಇಬ್ಬರು ಹುಡುಗರಿಂದ ಸೊಂಟದ ತನಕ ಎತ್ತಿಸಿ, "ಇದು ಅರ್ಧ ಮಿಣುಕೂ ಆಗಿಲ್ಲ ಕಣ್ರೋ" ಎಂದರೆ ಇಡೀ ಕ್ಲಾಸ್ ಎದ್ದು ಕೂರುತ್ತದೆ. ಒಂಬತ್ತನೇ ಕ್ಲಾಸಿನ ಜೌಲ್ ಬೇರೆ, ಹತ್ತನೆಯದರ ಜೌಲ್ ಬೇರೆ ಅಂದುಕೊಂಡಿದ್ದವರಿಗೆ ಎರಡೂ ಒಂದೇ ಎಂದು ಹೊಳೆಯುವುದು ಅಲ್ಲೇ.

ಮೊದಲು ಗುಜರಿಯಿಂದ ನೂರೈವತ್ತು ರೂಪಾಯಿಗೆ ಹಳೇ ಚಕ್ರದ ಮೀಟರ್ ತಂದೆ. ಯೂನಿಟ್ಟಿಗೆ 600 ಸುತ್ತಿನದು. ನೂರು ವ್ಯಾಟ್ ಬಲ್ಬ್ ಹಾಕಿದರೆ ಚಕ್ರ ಒಂದು ಸುತ್ತು ಬರಲು ಒಂದು ನಿಮಿಷ. ಹಿಂದಿನ ಬೆಂಚಿನವರಿಗೆ ಕಾಣದು, ಮುಂದಿನವರಿಗೆ ಆಕಳಿಕೆ. ಹಲಗೆ ಸ್ವಲ್ಪ ವಾಲಿದರೂ ಲೆಕ್ಕ ತಪ್ಪುತ್ತಿತ್ತು. ಅದನ್ನು ಬಿಚ್ಚಿ ಒಳಗಿನ ಸುರುಳಿ, ಅಯಸ್ಕಾಂತ ತೋರಿಸಿದ್ದೇ ಬಂದ ಲಾಭ. ಆಮೇಲೆ ಎಲೆಕ್ಟ್ರಾನಿಕ್ ಸಬ್ ಮೀಟರ್ ತಂದೆ, ಆರೇಳುನೂರು ಬಿತ್ತು ಅಂತ ನೆನಪು. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಖರ್ಚು ಕೇಳಿದಾಗ, "ಸಬ್ ಮೀಟರ್ ಯಾಕೆ ಮೇಷ್ಟ್ರೇ, ಬಾಡಿಗೆಗೆ ಮನೆ ಬಿಡ್ತೀರಾ?" ಎಂದು ನಕ್ಕು ಕಳಿಸಿದರು. ಹಲಗೆ, ಲೋಡ್ ಹೆಚ್ಚಾದರೆ ಕರೆಂಟ್ ಕಡಿಯುವ ಎಂಸಿಬಿ, ಹದಿನಾರು ಆಂಪಿಯರ್ ಸಾಕೆಟ್, ವೈರು, ಜೊತೆಗೆ ಕರೆಂಟ್ ಸೋರಿದ ಕೂಡಲೇ ಕಡಿಯುವ ಆರ್‌ಸಿಸಿಬಿ. ಕೊನೆಯದಕ್ಕೇ ಸಾವಿರದೈನೂರರ ಹತ್ತಿರ ಹೋಯಿತು. ಎಲ್ಲ ಸೇರಿ ಮೂರು ಸಾವಿರ ದಾಟಿತು. ಮಕ್ಕಳು ಹತ್ತಿರ ನಿಲ್ಲುವ ಜಾಗ ಅದು, ಆರ್‌ಸಿಸಿಬಿಯಲ್ಲಿ ಮಾತ್ರ ಜಿಪುಣತನ ಬೇಡ.

ಶುರು ಮಾಡುವಾಗ ಎಲ್‌ಇಡಿ ಬಲ್ಬ್ ಹಾಕಬೇಡಿ. ಒಂಬತ್ತು ವ್ಯಾಟಿಗೆ ಎರಡು ನಿಮಿಷಕ್ಕೊಂದು ಮಿಣುಕು, ಗಲಾಟೆ ಶುರುವಾಗುತ್ತದೆ. ಸಾವಿರ ವ್ಯಾಟಿನ ಇಸ್ತ್ರಿ ಪೆಟ್ಟಿಗೆ ಹಾಕಿ. ಸೆಕೆಂಡಿಗೆ ಹೆಚ್ಚೂಕಡಿಮೆ ಒಂದು. ಇಡೀ ಕ್ಲಾಸ್ ಒಟ್ಟಿಗೆ ಎಣಿಸುತ್ತಿರುವಾಗ ಥರ್ಮೋಸ್ಟಾಟ್ ಟಕ್ ಎನ್ನುತ್ತದೆ, ಮಿಣುಕು ನಿಲ್ಲುತ್ತದೆ, ಪೆಟ್ಟಿಗೆ ಇನ್ನೂ ಸುಡುತ್ತಿರುತ್ತದೆ. ಆ ಕ್ಷಣಕ್ಕೆ ಪ್ರಶ್ನೆ ನೀವು ಕೇಳಬೇಕಾಗಿಲ್ಲ, ಅವರೇ ಕೇಳುತ್ತಾರೆ.

ಹಿಂದಿನ ಬೆಂಚಿಗೂ ಗೊತ್ತಾಗಲಿ ಎಂದು ಪ್ರತಿ ಮಿಣುಕಿಗೂ ಟಿಕ್ ಎಂದು ಸದ್ದು ಬರುವ ಹಾಗೆ ಒಂದು ಡಬ್ಬಿ ಮಾಡಿದ್ದೇನೆ. ಮೀಟರ್ ಬಿಚ್ಚುವ ಹಾಗಿಲ್ಲ, ಹೊರಗಿನಿಂದ ಬೆಳಕು ಹಿಡಿಯುವುದು, ಐವತ್ತು ಅರುವತ್ತು ರೂಪಾಯಿ ಖರ್ಚು. ಸರ್ಕ್ಯೂಟ್ ಇಲ್ಲಿ ಬರೆಯುವುದಿಲ್ಲ. ವಿಜ್ಞಾನ ವಸ್ತು ಪ್ರದರ್ಶನ ಮುಗಿಯಲಿ.

ಕೆಟಲ್‌ನಲ್ಲಿ ಒಂದು ಲೀಟರ್ ನೀರನ್ನು 25 ಡಿಗ್ರಿಯಿಂದ ಕುದಿಸಲು ಲೆಕ್ಕದ ಪ್ರಕಾರ 280 ಮಿಣುಕು. ನಮಗೆ ಬಂದದ್ದು 320ರಿಂದ 330. ಉಳಿದದ್ದು ಎಲ್ಲಿ ಹೋಯಿತು ಎಂದು ಕೇಳಿದರೆ ಒಬ್ಬಳು ಕೆಟಲಿನ ಮೈಗೆ ಕೈ ಹತ್ತಿರ ತಂದು, "ಇಲ್ಲಿ ಸಾರ್" ಎಂದಳು. ಫ್ಯಾನಿನದು ಇನ್ನೂ ಚೆನ್ನಾಗಿತ್ತು. ಹಳೇ ದೊಡ್ಡ ಡಬ್ಬಿಯ ರೆಗ್ಯುಲೇಟರಿನಲ್ಲಿ ವೇಗ ಒಂದಕ್ಕೆ ಇಳಿಸಿದರೂ ಮಿಣುಕು ಅಷ್ಟೇನೂ ನಿಧಾನವಾಗಲಿಲ್ಲ, ಡಬ್ಬಿ ಮಾತ್ರ ಬಿಸಿಯಾಯಿತು. ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಹಾಕಿದ ಮೇಲೆ ಚೆನ್ನಾಗಿಯೇ ಇಳಿಯಿತು. ಮೊಬೈಲ್ ಚಾರ್ಜರ್ ಸುಮ್ನೆ ಸಿಕ್ಕಿಸಿಟ್ಟರೆ ಮೀಟರ್ ಅಲುಗಲೇ ಇಲ್ಲ, ಅಷ್ಟು ಕಡಿಮೆ ಕರೆಂಟನ್ನು ಅದು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಪಾಠಕ್ಕೆ ಸಂಬಂಧವಿಲ್ಲದಿದ್ದರೂ ಸಂಪಿನ ಮೋಟರಿಗೂ ಹಲಗೆ ಸಿಕ್ಕಿಸಿದೆವು. ಸಾವಿರ ಲೀಟರ್ ನೀರನ್ನು ಸುಮಾರು ಏಳು ಮೀಟರ್ ಎತ್ತಲು ಅರವತ್ತು ಮಿಣುಕು ಸಾಕು. ಅರ್ಧ ಎಚ್‌ಪಿ ಮೋಟರ್ ತಿಂದದ್ದು ಏಳುನೂರರ ಆಸುಪಾಸು! ಪೈಪಿನ ತುದಿಯಲ್ಲಿ ನೀರು ವಾಪಸ್ ಇಳಿಯದಂತೆ ತಡೆಯುವ ಫುಟ್‌ವಾಲ್ವ್ ಸೋರುತ್ತಿತ್ತು, ನೀರು ಎಳೆಯುವ ತನಕ ಮೋಟರ್ ಸುಮ್ನೆ ತಿರುಗುತ್ತಿತ್ತು. ವಾಲ್ವ್ ಬದಲಿಸಿದ ಮೇಲೆ ಆರುನೂರಕ್ಕೆ ಬಂತು. ಆಗಲೂ ಹತ್ತರಲ್ಲಿ ಒಂದು ಪಾಲಷ್ಟೇ ನೀರಿಗೆ, ಮಿಕ್ಕದ್ದು ಪೈಪು, ಬೆಂಡು, ಮೋಟರಿನ ಬಿಸಿಗೆ. ಮೊನ್ನೆ ನಕ್ಕಿದ್ದ ಎಸ್‌ಡಿಎಂಸಿಯವರು ವಾಲ್ವಿನ ದುಡ್ಡನ್ನು ಮಾತಿಲ್ಲದೆ ಕೊಟ್ಟರು.

ಎಲ್ಲಕ್ಕಿಂತ ಕೆಲಸ ಮಾಡಿದ್ದು ಸೈಕಲ್ ಡೈನಮೊ. ಆರು ವೋಲ್ಟ್, ಮೂರು ವ್ಯಾಟಿನ ಹಳೇ ಡೈನಮೊ. ಸ್ಟ್ಯಾಂಡ್ ಹಾಕಿ ತುಳಿಸಿದರೆ ಒಂದು ಮಿಣುಕಿನಷ್ಟು ಶಕ್ತಿಗೆ ಆರು ನಿಮಿಷದ ಮೇಲೆ ಬೇಕು. ಕಬಡ್ಡಿ ಟೀಮಿನ ಹುಡುಗ ತುಳಿದು ಬೆವರಿ ಇಳಿದ. ಹಾಗಾದರೆ ಒಂದು ಯೂನಿಟ್ಟಿಗೆ? ಹಗಲು ರಾತ್ರಿ ಬಿಡದೆ ತುಳಿದರೂ ಸುಮಾರು ಹದಿನಾಲ್ಕು ದಿನ. ಅದರ ಬೆಲೆ ಆರು ರೂಪಾಯಿ ಆಸುಪಾಸು ಎಂದಾಗ ಅವನೇ, "ಹದಿನಾಲ್ಕು ದಿನಕ್ಕೆ ಆರು ರೂಪಾಯಿ ಕೂಲಿನಾ ಸಾರ್!" ಎಂದ.

ಮನೆಯ ಮೀಟರ್ ನೋಡಿ ಬರೆದುಕೊಂಡು ಬನ್ನಿ ಎಂದದ್ದು ಮಾತ್ರ ಫಜೀತಿಯಾಯಿತು. ಮುಟ್ಟಬೇಡಿ, ದೂರದಿಂದ ಎಣಿಸಿ ಎಂದಿದ್ದೆ. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಸೊನ್ನೆ ಬಿಲ್ಲಿನ ಮನೆಗಳಲ್ಲಿ ಯೂನಿಟ್ ಯಾರೂ ನೋಡುವುದಿಲ್ಲ. ಹಾಗಿರುವಾಗ ಮೇಷ್ಟ್ರು ಯೂನಿಟ್ ಕೇಳುತ್ತಾರೆ ಎಂದರೆ? ಒಬ್ಬರು ತಾಯಿ ಸ್ಕೂಲಿಗೇ ಬಂದು, "ಫ್ರೀ ತೆಗೀತಾರಾ ಸಾರ್?" ಎಂದು ಕೇಳಿದರು. ಸಮಾಧಾನ ಮಾಡುವಷ್ಟರಲ್ಲಿ ಪೀರಿಯಡ್ ಮುಗಿಯಿತು. ಮಾರನೇ ದಿನ ಅವರ ಮಗಳೇ ಗ್ರೈಂಡರಿನ ಲೆಕ್ಕ ತಂದಳು, ದೋಸೆ ಹಿಟ್ಟಿಗೆ ಎಷ್ಟು ಮಿಣುಕು ಅಂತ.

ಪರೀಕ್ಷೆಗೆ ಬರಲ್ಲ ಎಂದವರಿಗೆ ಒಂದು ಮಾತು: ವಿದ್ಯುತ್ತಿನ ಲೆಕ್ಕ ಬಿಟ್ಟು ಬಂದವರು ಕಳೆದ ಸಲ ನಮ್ಮಲ್ಲಿ ಬೆರಳೆಣಿಕೆ. ಹಲಗೆ ಮಾಡುವವರು ಮೀಟರ್ ಕೊಳ್ಳುವಾಗ ಮುಖ ಓದಿ. ಕೆಲವದರಲ್ಲಿ 3200 ಬದಲು 1600 ಇರುತ್ತದೆ, ಆಗ ಮಿಣುಕಿಗೆ 2250 ಜೌಲ್ ಎಂದು ತಿದ್ದಿಕೊಳ್ಳಬೇಕು.