ಪುಕ್ಕಟೆ ಹಂಚಿದ ಒಂದು ದಿನದ ಲೆಕ್ಕ

ಫೋಟೊ ಕಡತಗಳ ಹೆಸರನ್ನು ಅವುಗಳನ್ನು ತೆಗೆದ ದಿನಾಂಕಕ್ಕೆ ತಕ್ಕಂತೆ ಒಟ್ಟಿಗೇ ಬದಲಿಸುವ ಚಿಕ್ಕದೊಂದು ವಿಂಡೋಸ್ ತಂತ್ರಾಂಶವನ್ನು ಮೈಸೂರಿನ ಮನೆಯಲ್ಲಿ ಕುಳಿತು ಬರೆದು, 20 ಡಾಲರಿಗೆ ಮಾರುತ್ತಿದ್ದೆ. ತಿಂಗಳಿಗೆ ನಾಲ್ಕೈದು ಪ್ರತಿ ಹೋದರೆ ಅದೇ ಹೆಚ್ಚು ಎನ್ನುವಂತಿದ್ದ ಆ ಕಾಲದಲ್ಲಿ, ಮಾರಾಟದ ತಂತ್ರಾಂಶವನ್ನು ಒಂದು ದಿನದ ಮಟ್ಟಿಗೆ ಪುಕ್ಕಟೆ ಹಂಚುವ ತಾಣವೊಂದು ನನಗೆ ಪತ್ರ ಬರೆಯಿತು. ಈ ಪದ್ಧತಿ ಹೊಸದಲ್ಲ. ಗಿವ್‌ಅವೇ ಆಫ್ ದಿ ಡೇ ಎಂಬ ತಾಣ 2006ರಿಂದಲೂ ಇದನ್ನೇ ಮಾಡುತ್ತಿದೆ. ಒಂದು ಡೌನ್‌ಲೋಡಿಗೆ ನನಗೆಷ್ಟು ಕೊಡುತ್ತೀರಿ ಎಂದು ಕೇಳಿದೆ. ಏನೂ ಇಲ್ಲ ಎಂದರು.

ಎಲ್ಲರೂ ಹೀಗಲ್ಲ. ಗಣಕದ ಆಟಗಳ ಕಂಪನಿ ಎಪಿಕ್ ಗೇಮ್ಸ್ ತನ್ನ ಆನ್‌ಲೈನ್ ಮಳಿಗೆಯಲ್ಲಿ 2018ರ ಡಿಸೆಂಬರಿನಿಂದ 2019ರ ಸೆಪ್ಟೆಂಬರಿನವರೆಗೆ ಪುಕ್ಕಟೆ ಕೊಟ್ಟ 38 ಆಟಗಳಿಗಾಗಿ ಅವುಗಳ ತಯಾರಕರಿಗೆ ಸುಮಾರು 1 ಕೋಟಿ 16 ಲಕ್ಷ ಡಾಲರ್ ಕೊಟ್ಟದ್ದು, ಅದರಲ್ಲಿ ಸಬ್‌ನಾಟಿಕಾ ಒಂದಕ್ಕೇ 14 ಲಕ್ಷ ಡಾಲರ್ ಹೋದದ್ದು, 2021ರಲ್ಲಿ ಆಪಲ್ ವಿರುದ್ಧದ ಮೊಕದ್ದಮೆಯ ದಾಖಲೆಗಳಿಂದ ಹೊರಬಿತ್ತು. ಆ ಅವಧಿಯಲ್ಲಿ ಮಳಿಗೆಗೆ ಸುಮಾರು 50 ಲಕ್ಷ ಹೊಸ ಖಾತೆದಾರರು ಸಿಕ್ಕರು. ಅಂದರೆ ಅದು ಹಣ ಕೊಟ್ಟು ಕೊಂಡದ್ದು ಗಿರಾಕಿಗಳನ್ನು. ನನಗೆ ಪತ್ರ ಬರೆದ ತಾಣಕ್ಕೆ ಅಂಥ ಮಳಿಗೆಯೂ ಇಲ್ಲ, ಅಷ್ಟು ಹಣವೂ ಇಲ್ಲ. ಪುಟದ ಜಾಹೀರಾತು, ಪುಟದಲ್ಲಿರುವ ಕೊಂಡಿಯ ಮೂಲಕ ಆದ ಮಾರಾಟದ ಕಮಿಷನ್, ಇವೆರಡೇ ಅದರ ಆದಾಯ. ಕಮಿಷನ್ 40 ಶೇಕಡಾ ಎಂದು ನಿಗದಿಯಾಯಿತು.

ಒಪ್ಪಂದಕ್ಕಿಂತ ಹೆಚ್ಚು ತಲೆ ಕೆಡಿಸಿದ್ದು ಪರವಾನಗಿಯ ವಿನ್ಯಾಸ. ಆ ದಿನವೇ ಅನುಸ್ಥಾಪಿಸಿ ಸಕ್ರಿಯಗೊಳಿಸಬೇಕು, ಸ್ವಂತ ಬಳಕೆಗೆ ಮಾತ್ರ, ಮುಂದಿನ ಆವೃತ್ತಿಯೂ ತಾಂತ್ರಿಕ ನೆರವೂ ಸಿಗುವುದಿಲ್ಲ ಎಂಬುದು ಈ ತಾಣಗಳಲ್ಲಿ ಸಾಮಾನ್ಯವಾದ ಷರತ್ತು. ಆದರೆ ನಾನು ಸೋಮಾರಿತನದಿಂದ ಎಲ್ಲರಿಗೂ ಒಂದೇ ಕೀ (ತಂತ್ರಾಂಶವನ್ನು ಸಕ್ರಿಯಗೊಳಿಸುವ ಸಂಕೇತ) ಇಟ್ಟಿದ್ದೆ, ಅದನ್ನು ಪರೀಕ್ಷಿಸುತ್ತಿದ್ದದ್ದೂ ಬಳಕೆದಾರನ ಗಣಕದಲ್ಲೇ. ಹಂಚಿಕೆ ಅಮೆರಿಕದ ಪೆಸಿಫಿಕ್ ವೇಳೆಯ ಮಧ್ಯರಾತ್ರಿಗೆ, ಅಂದರೆ ನಮ್ಮ ಮಧ್ಯಾಹ್ನ 12.30ಕ್ಕೆ ಶುರುವಾಯಿತು, ನಾನು ಸಂಜೆಯ ಕಾಫಿ ಮುಗಿಸುವ ಹೊತ್ತಿಗೆ ಆ ಕೀ ನಾನು ಹೆಸರೂ ಕೇಳದ ಕಡೆಗಳಲ್ಲಿ ಓಡಾಡುತ್ತಿತ್ತು. ಎರಡನೆಯ ಬಾರಿ ಪ್ರತಿಯೊಂದು ಇಮೇಲ್ ವಿಳಾಸಕ್ಕೂ ಬೇರೆ ಕೀಯನ್ನು ಸರ್ವರ್‌ನಿಂದಲೇ ಕಳಿಸಿ, ದಿನಾಂಕವನ್ನೂ ಅಲ್ಲಿಯೇ ನೋಡಿದೆ. ಹೊಸ ಆವೃತ್ತಿಯ ಸುದ್ದಿ ಬೇಕೆ ಎಂದು ಕೇಳುವ ಚೌಕವನ್ನು ಖಾಲಿ ಬಿಟ್ಟಿದ್ದೆ, ಬೇಕೆಂದವರು ತಾವೇ ಗುರುತು ಹಾಕಲಿ ಎಂದು. ಮೊದಲೇ ಗುರುತು ಹಾಕಿಡಿ ಎಂದು ತಾಣದವರು ಹೇಳಿದ್ದರು. ನನ್ನ ಮನಸ್ಸು ಒಪ್ಪಲಿಲ್ಲ.

ಮೊದಲ ಹಂಚಿಕೆಯಲ್ಲಿ ಏಳು ಸಾವಿರಕ್ಕೂ ಹೆಚ್ಚು ಮಂದಿ ತಂತ್ರಾಂಶವನ್ನು ಇಳಿಸಿಕೊಂಡರು. ಪುಕ್ಕಟೆ ಪಡೆದವರೇ ಮುಂದೆ ಕೊಳ್ಳುತ್ತಾರೆಂದು ನಾನು ನಂಬಿದ್ದೆ. ಆ ತಿಂಗಳು ಅರ್ಧ ಬೆಲೆಗೆ, ಅಂದರೆ 10 ಡಾಲರಿಗೆ, ಮಾರಾಟವಾದದ್ದು 63 ಪ್ರತಿ. ಅವುಗಳಲ್ಲಿ 41 ಬಂದದ್ದು ‘ಅವಧಿ ಮುಗಿದಿದೆ’ ಎಂದು ತೋರಿಸುವ ಪುಟದ ಕೊಂಡಿಯಿಂದ. ತಡವಾಗಿ ಬಂದು ಕೈ ಹಿಸುಕಿಕೊಂಡವರೇ ನನ್ನ ನಿಜವಾದ ಗಿರಾಕಿಗಳು! ಬಂದ 630 ಡಾಲರಿನಲ್ಲಿ 252 ತಾಣಕ್ಕೆ ಹೋಯಿತು, ಉಳಿದದ್ದರಲ್ಲಿ ಪಾವತಿ ಸೇವೆಯವರು ತಮ್ಮ ಪಾಲು ಹಿಡಿದುಕೊಂಡರು. ನೆರವು ಇಲ್ಲವೆಂದು ದಪ್ಪ ಅಕ್ಷರದಲ್ಲಿ ಬರೆದಿದ್ದರೂ ನೆರವು ಕೋರಿದ ಪತ್ರಗಳಿಗೆ ಉತ್ತರಿಸುವುದರಲ್ಲಿ ಎರಡು ವಾರ ಕಳೆಯಿತು. ಆ ಪತ್ರಗಳಿಂದಲೇ, ಹೆಸರಿನಲ್ಲಿ ಜರ್ಮನ್ ಅಕ್ಷರಗಳಿರುವ ಫೋಲ್ಡರುಗಳನ್ನು ನನ್ನ ತಂತ್ರಾಂಶ ತೆರೆಯುತ್ತಲೇ ಇರಲಿಲ್ಲವೆಂಬುದು ತಿಳಿಯಿತು. ಅದನ್ನು ಹಣ ಕೊಟ್ಟು ಪರೀಕ್ಷೆ ಮಾಡಿಸುವ ಶಕ್ತಿ ನನಗಿರಲಿಲ್ಲ.

ಒಂದು ಕಹಿ ಮಾತ್ರ ಉಳಿಯಿತು. ಆ ಕೊಂಡಿಯಿಂದ ಒಮ್ಮೆ ಬಂದವರು ಹತ್ತು ತಿಂಗಳ ನಂತರ ನನ್ನ ಪತ್ರ ಓದಿ ಹೊಸ ಆವೃತ್ತಿಯನ್ನು ಕೊಂಡರೂ ಕಮಿಷನ್ ತಾಣದ ಖಾತೆಗೇ ಹೋಗುತ್ತಿತ್ತು, ಏಕೆಂದರೆ ಒಪ್ಪಂದದಲ್ಲಿ ಅವಧಿಯ ಮಾತೇ ಇರಲಿಲ್ಲ. ಈಗ ಹೊಸ ಮುಖ್ಯ ಆವೃತ್ತಿ ಹೊರಡುವುದಕ್ಕೆ ಮೂರು ತಿಂಗಳ ಮುಂಚೆ ಹಳೆಯದನ್ನು ಹಂಚಲು ಕೊಡುತ್ತೇನೆ, ಕಮಿಷನ್ ಕೊಂಡಿಗೆ 60 ದಿನವಷ್ಟೇ ಆಯುಷ್ಯ ಎಂದು ಮೊದಲೇ ಬರೆಸಿಕೊಂಡು.