ಆತ್ಮರಕ್ಷಣೆಗೆ ಚಾಕು: ಎಷ್ಟರಮಟ್ಟಿಗೆ ಕೆಲಸಕ್ಕೆ ಬರುತ್ತದೆ?

ಜೇಬಿನಲ್ಲಿ ಮಡಚುವ ಚಾಕು ಇದ್ದರೆ ಧೈರ್ಯ ಬರುತ್ತದೆ. ತೊಂದರೆ ಇರುವುದೂ ಅಲ್ಲೇ: ಓಡಿಹೋಗಬೇಕಾದ ಹೊತ್ತಿನಲ್ಲಿ ಆ ಧೈರ್ಯ ಕಾಲು ಕಟ್ಟಿಹಾಕುತ್ತದೆ.

ಮೊದಲು ಸಮಯ ಅಳೆದು ನೋಡಿ. 1983ರಲ್ಲಿ ಅಮೆರಿಕದ ಪೊಲೀಸ್ ತರಬೇತುದಾರ ಡೆನ್ನಿಸ್ ಟ್ಯೂಲರ್ ಬರೆದ ಲೆಕ್ಕದ ಪ್ರಕಾರ, 21 ಅಡಿ ದೂರದಲ್ಲಿ ನಿಂತವನು ಸುಮಾರು ಒಂದೂವರೆ ಸೆಕೆಂಡಿನಲ್ಲಿ ಮೈಮೇಲೆ ಬೀಳಬಲ್ಲ. ಇದನ್ನು ಒಬ್ಬ ಗೆಳೆಯನೊಂದಿಗೆ ಪರೀಕ್ಷಿಸಿ: ಚಾಕುವಿನ ಬದಲು ಮುಚ್ಚಳವಿರುವ ಮಾರ್ಕರ್ ಪೆನ್ನನ್ನು ಜೇಬಿನಲ್ಲಿಡಿ. ಇಬ್ಬರೂ ಹಳೆಯ ಬಿಳಿ ಅಂಗಿ ಮತ್ತು ಕಣ್ಣಿಗೆ ರಕ್ಷಣಾ ಕನ್ನಡಕ ಹಾಕಿಕೊಳ್ಳಿ. ಗೆಳೆಯ ಇನ್ನೊಂದು ಮಾರ್ಕರ್ ಹಿಡಿದು 21 ಅಡಿಯಿಂದ ನುಗ್ಗಲಿ. ನೀವು ಪೆನ್ನು ತೆಗೆದು, ಮುಚ್ಚಳ ಬಿಚ್ಚಿ ಎದುರಿಸಿ. ಹತ್ತು ಸಲ ಮಾಡಿ, ನಿಮ್ಮ ಅಂಗಿಯ ಮೇಲಿನ ಗೆರೆಗಳನ್ನು ಎಣಿಸಿ. ಹೆಚ್ಚಿನವರು ಪೆನ್ನು ಹೊರತೆಗೆಯುವಷ್ಟರಲ್ಲೇ ಗೆರೆ ತಿಂದಿರುತ್ತಾರೆ.

ತೆಗೆದದ್ದೇ ಆದರೂ ಚಾಕು ಎದುರಾಳಿಯನ್ನು ತಡೆದು ನಿಲ್ಲಿಸುವ ಆಯುಧವಲ್ಲ. ಉದ್ವೇಗದಲ್ಲಿರುವವನಿಗೆ ಗಾಯವಾದದ್ದು ಗೊತ್ತೇ ಆಗದಿರಬಹುದು. ಅವನು ಹೊಡೆಯುತ್ತಲೇ ಇರುತ್ತಾನೆ. ಚಾಕು ಬಳಸಬೇಕೆಂದರೆ ಅವನ ಕೈಗೆ ಎಟಕುವಷ್ಟು ಹತ್ತಿರ ನೀವೂ ಹೋಗಬೇಕು, ಅಷ್ಟು ಹತ್ತಿರದಲ್ಲಿ ಅದನ್ನು ಕಸಿದುಕೊಳ್ಳುವುದು ಕಷ್ಟವಲ್ಲ. ಹಿಡಿಗೂ ಅಲಗಿಗೂ ನಡುವೆ ತಡೆಪಟ್ಟಿ ಇಲ್ಲದ ಚಾಕುವಿನಲ್ಲಿ ಬೆವರಿದ ಕೈ ಜಾರಿ ನಿಮ್ಮ ಬೆರಳುಗಳೇ ಕೊಯ್ದುಹೋಗುತ್ತವೆ. ಅಗ್ಗದ ಮಡಚುವ ಚಾಕುವಿನ ಲಾಕ್ ಒತ್ತಡಕ್ಕೆ ಸೋತು ಅಲಗು ಬೆರಳ ಮೇಲೆ ಮಡಚಿಕೊಳ್ಳುವುದೂ ಉಂಟು.

ಕಾನೂನಿನ ಮಾತು ಬೇರೆ. ಅಲಗಿನ ಉದ್ದ, ಲಾಕ್ ಇದೆಯೇ ಇಲ್ಲವೇ, ಎಲ್ಲಿಗೆ ಒಯ್ಯುತ್ತೀರಿ ಎಂಬುದರ ಮೇಲೆ ನಿಯಮ ಬದಲಾಗುತ್ತದೆ. ಬರಿಗೈಯ ತಳ್ಳಾಟಕ್ಕೆ ಚಾಕು ಬಳಸಿದರೆ, ಬೆದರಿಕೆಗೆ ಮೀರಿದ ಬಲ ಎಂದು ನೀವೇ ಆರೋಪಿಯಾಗಬಹುದು.

ನಮ್ಮ ಸಲಹೆ: ಕಾನೂನು ಒಪ್ಪುವ ಕಡೆ ಪೆಪ್ಪರ್ ಸ್ಪ್ರೇ. ಅದು ಸಾಮಾನ್ಯವಾಗಿ ಮೂರ್ನಾಲ್ಕು ಮೀಟರ್ ದೂರಕ್ಕೆ ಮುಟ್ಟುತ್ತದೆ, ಹಾಗಾಗಿ ಮೈಗೆ ಮೈ ತಾಗಬೇಕಿಲ್ಲ. ಡಬ್ಬಿಯ ಮೇಲಿನ ಮುಕ್ತಾಯ ದಿನಾಂಕ ನೋಡಿ. ಒಳಗಿನ ಒತ್ತಡ ಕಾಲಕ್ರಮೇಣ ಇಳಿಯುತ್ತದೆ. ಬ್ಯಾಗಿನ ತಳದಲ್ಲಿಡಬೇಡಿ, ಕೈಯಲ್ಲೇ ಇರಲಿ. ಎದುರುಗಾಳಿ ಇದ್ದರೆ ಅದು ನಿಮ್ಮ ಕಣ್ಣಿಗೇ ಬರುತ್ತದೆ. ಕಣ್ಣಿನ ಮಟ್ಟಕ್ಕೆ ಸಿಂಪಡಿಸಿ, ಪಕ್ಕಕ್ಕೆ ಸರಿದು ಓಡಿ. ಪರಿಣಾಮ ನೋಡುತ್ತಾ ನಿಲ್ಲಬೇಡಿ, ಕೆಲವರ ಮೇಲೆ ಅದು ತಡವಾಗಿ ಕೆಲಸ ಮಾಡುತ್ತದೆ.

ಎದುರಾಳಿಯ ಕೈಯಲ್ಲೇ ಚಾಕು ಇದ್ದರೆ ಪರ್ಸ್, ಫೋನ್ ಕೊಟ್ಟುಬಿಡಿ. ಕೊಟ್ಟರೂ ಬಿಡದಿದ್ದರೆ ನಡುವೆ ಕಾರು, ಮೇಜು, ಕುರ್ಚಿ ಏನಾದರೂ ತನ್ನಿ. ಏನೂ ಇಲ್ಲದಿದ್ದರೆ ಬ್ಯಾಗನ್ನು ಎದೆಯ ಮುಂದೆ ಹಿಡಿದು ಹಿಂದೆ ಸರಿಯಿರಿ.

ಕೈಕಾಲಿಗೆ ಗಾಯವಾಗಿ ರಕ್ತ ಚಿಮ್ಮುತ್ತಿದ್ದರೆ ಬಟ್ಟೆಯಿಂದ ಬಲವಾಗಿ ಒತ್ತಿ ಹಿಡಿಯಿರಿ. ನಿಲ್ಲದಿದ್ದರೆ ಗಾಯಕ್ಕಿಂತ 5ರಿಂದ 7 ಸೆಂ.ಮೀ. ಮೇಲೆ, ಕೀಲಿನ ಮೇಲಲ್ಲದಂತೆ ಟೂರ್ನಿಕೆಟ್ (ರಕ್ತ ನಿಲ್ಲಿಸಲು ಕೈಕಾಲಿಗೆ ಬಿಗಿಯುವ ಪಟ್ಟಿ) ಬಿಗಿದು, ಕಟ್ಟಿದ ಸಮಯ ಬರೆದಿಡಿ. ಆಸ್ಪತ್ರೆ ತಲುಪುವವರೆಗೆ ಅದನ್ನು ಸಡಿಲಿಸಬೇಡಿ.